ರತ್ನಪಕ್ಷ, ರಾಶಿಪಕ್ಷ

ಮಾತನಾಡುವುದರಲ್ಲಿ ಮನುಷ್ಯನಿಗೆ ಒಂದು ಸುಖವುಂಟು. ತನ್ನ ಕೈಯಲ್ಲಿ ಏನೇನೂ ಇಲ್ಲದ ವಿಷಯವನ್ನು ಕುರಿತು ಮಾತನಾಡುವಾಗ ಆ ಸುಖ ಇಮ್ಮಡಿಯಾಗುತ್ತದೆ. ಮಳೆ ಯಾವಾಗ ಬರಬೇಕು, ಮಂತ್ರಿಮಂಡಲದಲ್ಲಿ ಯಾರಿರಬೇಕು, ಎದುರು ಮನೆಯ ಹುಡುಗಿಗೆ ಯಾವ ಊರಿನ ಗಂಡು ತರಬೇಕು, ಇವನ್ನೆಲ್ಲ ತೀರ್ಮಾನಿಸಲು ನಮ್ಮನ್ನು ಯಾರೂ ಕರೆಯುವುದಿಲ್ಲ. ಆದ್ದರಿಂದಲೇ ನಮ್ಮ ತೀರ್ಮಾನಗಳು ಅಷ್ಟು ಖಚಿತವಾಗಿರುತ್ತವೆ. ಹಿಂದೆ ಅಗ್ರಹಾರದ ಜಗಲಿಗಳಲ್ಲಿ ದ್ವೈತಾದ್ವೈತಗಳ ವಾದ ಬೆಳಗಿನವರೆಗೆ ನಡೆಯುತ್ತಿತ್ತಂತೆ. ನಮ್ಮ ಮಾರೇನಹಳ್ಳಿಯ ಟೀ ಅಂಗಡಿಯ ಮುಂದಿನ ಕಲ್ಲುಚಪ್ಪಡಿಯ ಮೇಲೆಯೂ ವಾದ ನಡೆಯುತ್ತದೆ. ವಿಷಯ ಮಾತ್ರ ಬೇರೆ: ಬೆಂಗಳೂರು ಎಫ್.ಸಿ. ತಂಡದ ಎಡಬದಿಯ ರಕ್ಷಕನಿಗೆ ಕಾಲು ಉಳುಕಿದರೆ ಮುಂದೇನು ಗತಿ?

ಮಾರೇನಹಳ್ಳಿಯೆಂಬ ಹೆಸರಿನವು ನಮ್ಮ ನಗರದಲ್ಲಿ ಎರಡಿವೆ. ಒಂದು ಜಯನಗರದ ಆಚೆಯದು. ನಾನು ಹೇಳುವುದು ವಿಜಯನಗರದ ಮಗ್ಗುಲಲ್ಲಿರುವುದನ್ನು. ಊರು ಹಳ್ಳಿಯಾಗಿದ್ದ ಕಾಲವನ್ನು ನಾನು ಕಂಡವನಲ್ಲ. ಹಳ್ಳಿ ಉಳಿದಿರುವುದು ಹೆಸರಿನಲ್ಲಿ ಮತ್ತು ಸಂಜೆಯ ಹೊತ್ತು ಹತ್ತು ಜನ ಒಂದೆಡೆ ಸೇರುವ ಅಭ್ಯಾಸದಲ್ಲಿ. ನಮ್ಮ ಕಡೆಯ ಜನಕ್ಕೆ ಕ್ರಿಕೆಟ್ ದೇವರಾದರೆ ಕಾಲ್ಚೆಂಡು ಇಷ್ಟದೇವತೆ. ಪೂಜೆ ಕಡಿಮೆಯಾದರೂ ಭಕ್ತಿ ಹೆಚ್ಚು.

ಈ ಭಕ್ತಿಗೆ ಕಾರಣವಾದ ತಂಡ ಹುಟ್ಟಿದ್ದು 2013ರಲ್ಲಿ. ಆಡಿದ ಮೊದಲ ಋತುವಿನಲ್ಲಿಯೇ ಐ-ಲೀಗಿನ ಪ್ರಶಸ್ತಿಯನ್ನು ಗೆದ್ದಿತು. ಮೊದಲ ವರ್ಷ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, 2014ರಲ್ಲಿ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಬಂದಿತು. 2016ರಲ್ಲಿ ಮೆಟ್ರೋ ರೈಲು ನೆಲದಡಿಯ ದಾರಿಯಲ್ಲಿ ಕಬ್ಬನ್ ಪಾರ್ಕಿನವರೆಗೆ ಓಡತೊಡಗಿದ ಮೇಲೆ ವಿಜಯನಗರದಲ್ಲಿ ಹತ್ತಿ, ಅಲ್ಲಿಳಿದು, ನಡೆದು ಹೋಗುವುದು ನಮಗೆ ಸುಲಭವಾಯಿತು. ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುವ ಅಭಿಮಾನಿಗಳು ತಮ್ಮನ್ನು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಕರೆದುಕೊಂಡಿದ್ದಾರೆ. ಪಶ್ಚಿಮ ಬೆಂಗಳೂರಿನವರಾದ ನಮ್ಮ ಚಪ್ಪಡಿಯ ಸಭಾಸದರು ಆ ಹೆಸರು ತಮ್ಮನ್ನೇ ಕುರಿತದ್ದೆಂದು ಇಂದಿಗೂ ನಂಬಿದ್ದಾರೆ. ನಂಬಿಕೆಯನ್ನು ಕೆಡಿಸುವುದು ಒಳ್ಳೆಯದಲ್ಲ.

ನಾನು ಆರನೆಯ ತರಗತಿಯಲ್ಲಿದ್ದಾಗ, ಅಂದರೆ 2017ರಲ್ಲಿ, ನಮ್ಮ ತಂಡ ಐ-ಲೀಗನ್ನು ಬಿಟ್ಟು ಇಂಡಿಯನ್ ಸೂಪರ್ ಲೀಗನ್ನು ಸೇರಿತು. ಆ ಲೀಗಿನಲ್ಲಿ ಆಗ ಭಾರತೀಯ ಆಟಗಾರರನ್ನು ‘ಡ್ರಾಫ್ಟ್’ ಎಂಬ ಕ್ರಮದಿಂದ ಹಂಚುತ್ತಿದ್ದರು. ಈ ಮಾತನ್ನು ಮನೆಯಲ್ಲಿ ಆಡಿದಾಗ ನಮ್ಮ ಅಜ್ಜಿ, “ಎಷ್ಟು ರೂಪಾಯಿನ ಡ್ರಾಫ್ಟ್ ಕಣಪ್ಪ? ಯಾವ ಬ್ಯಾಂಕು?” ಎಂದು ಕೇಳಿದರು. ಅವರ ಪ್ರಶ್ನೆ ತೀರ ಅಸಂಬದ್ಧವೇನೂ ಆಗಿರಲಿಲ್ಲ. ಪ್ರತಿ ಆಟಗಾರನ ಹೆಸರಿನ ಮುಂದೂ ಬೆಲೆಯೊಂದು ಬರೆದಿತ್ತು. ಜುಲೈ 23ರಂದು ಮುಂಬಯಿಯಲ್ಲಿ 10 ತಂಡದವರು ಮೇಜುಗಳ ಸುತ್ತ ಕುಳಿತು, ಸರದಿಯ ಮೇಲೆ ಒಬ್ಬೊಬ್ಬನನ್ನೇ ಆರಿಸಿಕೊಂಡರು. ಪಟ್ಟಿಯಲ್ಲಿದ್ದವರು 200ಕ್ಕೂ ಮೇಲ್ಪಟ್ಟು. ಎಲ್ಲರಿಗೂ ಕರೆ ಬರಲಿಲ್ಲ. ಹಳೆಯ ಆಟಗಾರರಲ್ಲಿ ಪ್ರತಿ ತಂಡವೂ ಇಬ್ಬರನ್ನು ಮಾತ್ರ, ಜೊತೆಗೆ ಕೆಲವು ಎಳೆಯರನ್ನು, ಉಳಿಸಿಕೊಳ್ಳಬಹುದಾಗಿತ್ತು. ನಮ್ಮವರು ಸುನಿಲ್ ಛೇತ್ರಿಯನ್ನೂ ಉದಾಂತ ಸಿಂಗ್‌ನನ್ನೂ ಉಳಿಸಿಕೊಂಡರು. ನಡುಮೈದಾನದ ಜೀವವೆಂದು ಊರೆಲ್ಲ ಕೊಂಡಾಡುತ್ತಿದ್ದ ಯೂಜೀನ್‌ಸನ್ ಲಿಂಗ್ಡೊ ಪಟ್ಟಿಗೆ ಹೋಗಿ, 1 ಕೋಟಿ 10 ಲಕ್ಷ ರೂಪಾಯಿಗೆ ಕಲ್ಕತ್ತೆಯ ತಂಡದ ಪಾಲಾದ.

ಅಂದು ಚಪ್ಪಡಿಯ ಮೇಲೆ ಸೂತಕ. ಆ ಸೂತಕದಲ್ಲಿಯೇ ನಮ್ಮ ಬೀದಿಯ ಎರಡು ಮಹಾಪಂಥಗಳು ಹುಟ್ಟಿಕೊಂಡವು.

ಒಂದು ರತ್ನಪಕ್ಷ. ಇದರ ಆಚಾರ್ಯರು ಬೆಳ್ಳಿಬಂಗಾರದ ಅಂಗಡಿಯೊಂದರ ಗುಮಾಸ್ತರು. ಆಟವನ್ನು ಗೆಲ್ಲಿಸುವವನು ಒಬ್ಬನೇ, ಉಳಿದವರು ಅವನಿಗೆ ಚೆಂಡು ತಲುಪಿಸುವ ಆಳುಗಳು ಎಂಬುದು ಅವರ ಸಿದ್ಧಾಂತ. “ನೂರು ಕಾಗೆ ಕೂಡಿಸಿದರೆ ಒಂದು ಕೋಗಿಲೆ ಆದೀತೇನ್ರೀ? ಇರೋ ದುಡ್ಡೆಲ್ಲ ಸುರಿದು ಲಿಂಗ್ಡೊನ ಇಟ್ಟುಕೋಬೇಕಿತ್ತು” ಎಂದು ಅವರು ಗುಡುಗಿದರು.

ಇನ್ನೊಂದು ರಾಶಿಪಕ್ಷ. ಇದರ ಆಚಾರ್ಯರು ಬಿ.ಎಂ.ಟಿ.ಸಿ.ಯಲ್ಲಿ ಬಸ್ಸು ನಡೆಸುವವರು. ನಮಗೆಲ್ಲ ಡ್ರೈವರ್ ಮಾವ. ಅವರು ಟೀ ಲೋಟವನ್ನು ಕೆಳಗಿಟ್ಟು ನಿಧಾನವಾಗಿ ಕೇಳಿದರು: “ಸ್ವಾಮಿ, ಡಿಪೋದಲ್ಲಿ ನೂರು ಬಸ್ಸಿಗೆ ನೂರೇ ಜನ ಡ್ರೈವರ್ ಇಟ್ಟುಕೊಂಡರೆ, ಹಬ್ಬದ ಮಾರನೇ ದಿನ ಎಷ್ಟು ಬಸ್ಸು ಹೊರಡ್ತವೆ ಹೇಳಿ.” ಗುಮಾಸ್ತರು ಉತ್ತರ ಹೇಳಲಿಲ್ಲ. ವಾದದಲ್ಲಿ ಉತ್ತರ ಹೇಳದಿರುವುದು ಸೋಲಲ್ಲ; ಗಂಟಲು ಸರಿಪಡಿಸಿಕೊಂಡರೆ ಸಾಕು.

ಇವರಿಬ್ಬರ ನಡುವೆ ನಿವೃತ್ತ ಗಣಿತದ ಮೇಷ್ಟ್ರೊಬ್ಬರು. ಅವರ ಕೈಯಲ್ಲಿ ಸದಾ ಒಂದು ನೋಟ್‌ಬುಕ್ಕು. ಅದರಲ್ಲಿ ಪ್ರತಿ ಸ್ಥಾನಕ್ಕೂ ಮೂರು ಗೆರೆ: ಮೊದಲನೆಯದರಲ್ಲಿ ಆಡುವವನು, ಎರಡನೆಯದರಲ್ಲಿ ಬದಲಿ, ಮೂರನೆಯದರಲ್ಲಿ ಬದಲಿಗೆ ಬದಲಿ. ಡ್ರಾಫ್ಟಿನ ದಿನ ಅವರು ರಾಹುಲ್ ಭೇಕೆ, ಸುಭಾಶಿಷ್ ಬೋಸ್, ಹರ್ಮನ್‌ಜೋತ್ ಖಾಬ್ರಾ, ಲೆನಿ ರಾಡ್ರಿಗಸ್, ಬೊಯ್ತಾಂಗ್ ಹಾವೊಕಿಪ್ ಎಂದು ಒಂದೊಂದೇ ಹೆಸರನ್ನು ಗೆರೆಯ ಮೇಲೆ ಬರೆಯುತ್ತ ಹೋದರು. ಬರೆದು ಮುಗಿಸಿ, “ಆ ಲೀಗಿನ ನಿಯಮದಂತೆ ಮೈದಾನದಲ್ಲಿ ಐವರಿಗಿಂತ ಹೆಚ್ಚು ವಿದೇಶಿಯರು ಇರುವ ಹಾಗಿಲ್ಲ. ಉಳಿದ ಆರು ಮಂದಿ ನಮ್ಮವರೇ. ಹಾಗಾದ ಮೇಲೆ ಲೀಗ್ ಗೆಲ್ಲುವುದು ಒಬ್ಬ ರತ್ನದಿಂದಲ್ಲ, ಈ ಆರು ಜನ ಕೆಟ್ಟರೆ ಬರುವ ಇನ್ನು ಆರು ಜನದಿಂದ” ಎಂದರು. ಮೇಷ್ಟ್ರು ಯಾವ ಪಕ್ಷವೆಂದು ಅವರಿಗೇ ತಿಳಿಯದು. ಲೆಕ್ಕ ಎತ್ತ ಹೋಗುವುದೋ ಅತ್ತ ಅವರು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಲೀಗ್ ನಡೆಯುತ್ತಿದ್ದಂತೆಯೇ 2018ರ ಜನವರಿಯಲ್ಲಿ ಭೂತಾನದ ತಂಡವೊಂದರೊಡನೆ ಎ.ಎಫ್.ಸಿ. ಕಪ್ಪಿನ ಪಂದ್ಯಗಳು ಬಂದವು. ಒಂದೇ ಮನೆಯಲ್ಲಿ ಎರಡು ಮದುವೆ ಹೂಡಿದಂತಾಯಿತು. ಅಡಿಗೆಯವರು ಎಷ್ಟಿದ್ದರೂ ಸಾಲದು. ಆದರೂ ನಮ್ಮ ತಂಡ 18 ಪಂದ್ಯಗಳಿಂದ 40 ಅಂಕ ಗಳಿಸಿ, ಎರಡನೆಯ ತಂಡಕ್ಕಿಂತ 8 ಅಂಕ ಮುಂದೆ ನಿಂತಿತು. ರಾಶಿಪಕ್ಷ ಬೀಗಿತು. ಮಾರ್ಚ್ 17ರಂದು ನಮ್ಮದೇ ಕಂಠೀರವದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಛೇತ್ರಿ ಮೊದಲ ಗೋಲು ಹೊಡೆದರೂ ಚೆನ್ನೈ ತಂಡ 3–2ರಿಂದ ಗೆದ್ದಿತು. ರತ್ನಪಕ್ಷ “ನಡುಮೈದಾನದಲ್ಲಿ ಲಿಂಗ್ಡೊ ಇದ್ದಿದ್ದರೆ!” ಎಂದಿತು. ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದೇ, ಮುಂಬಯಿಯಲ್ಲಿ ಗೋವಾ ತಂಡದ ಎದುರು ಮತ್ತೆ ಅಂತಿಮ ಪಂದ್ಯ. ತೊಂಬತ್ತು ನಿಮಿಷ ಕಳೆಯಿತು, ಗೋಲಿಲ್ಲ. ಹೆಚ್ಚಿನ ಅವಧಿಯೂ ಮುಗಿಯುತ್ತ ಬಂತು. 117ನೆಯ ನಿಮಿಷದಲ್ಲಿ ಮೂಲೆಯಿಂದ ಬಂದ ಚೆಂಡಿಗೆ ತಲೆಕೊಟ್ಟು ಪಂದ್ಯವನ್ನು ಗೆದ್ದುಕೊಟ್ಟವನು ರಾಹುಲ್ ಭೇಕೆ. ರಕ್ಷಕ, ಡ್ರಾಫ್ಟಿನ ದಿನ ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಸದ್ದಿಲ್ಲದೆ ಬರೆಯಿಸಿಕೊಂಡ ಹೆಸರು. ಗುಮಾಸ್ತರು ಅಂದು ಎಲ್ಲರಿಗೂ ಟೀ ಕೊಡಿಸಿ, “ನೋಡಿದ್ರಾ, ರತ್ನ ಅಂದರೆ ಇದು!” ಎಂದರು. ಸಿದ್ಧಾಂತವೆಂದರೆ ಹೀಗಿರಬೇಕು, ಯಾವ ಗಾಳಿಗೂ ಬೀಳಬಾರದು.

ಈ ವಾದವನ್ನೆಲ್ಲ ನಾನು ಹಾಲಿನ ಚೀಲ ಹಿಡಿದು ನಿಂತು ಕೇಳುತ್ತಿದ್ದೆ. ವಿನೋದವೇ ಸರಿ. ಆದರೆ ನಮ್ಮ ಮನೆಯಲ್ಲಿ ಅದು ಬರಿಯ ವಿನೋದವಾಗಿರಲಿಲ್ಲ. ನನ್ನ ಅಣ್ಣ ಆಗ ನಗರದ ಕೆಳಗಿನ ದರ್ಜೆಯ ಲೀಗಿನಲ್ಲಿ ಆಡುವ ಸಂಘವೊಂದರ ಎರಡನೆಯ ಗೋಲ್‌ಕೀಪರ್ ಆಗಿದ್ದ.

ಬದಲಿ ಆಟಗಾರರಲ್ಲೆಲ್ಲ ಎರಡನೆಯ ಗೋಲಿಯ ಹಣೆಬರಹವೇ ಬೇರೆ. ಮುಂಪಂಕ್ತಿಯ ಬದಲಿಗೆ ಕಡೆಯ ಹದಿನೈದು ನಿಮಿಷವಾದರೂ ಸಿಕ್ಕೀತು. ಓಡಿ ದಣಿದವನನ್ನು ಹೊರಗೆ ಕರೆಯುತ್ತಾರೆ. ನಿಂತಿರುವ ಗೋಲಿ ದಣಿಯುವುದೇ ಇಲ್ಲ. ಗುರುಪ್ರೀತ್ ಸಿಂಗ್ ಸಂಧು ನಾರ್ವೆಯಿಂದ 2017ರಲ್ಲಿ ನಮ್ಮ ತಂಡಕ್ಕೆ ಬಂದುದು ಎಲ್ಲರಿಗೂ ಗೊತ್ತು. ಅವನ ಹಿಂದೆ ವರ್ಷಗಟ್ಟಲೆ ಕೈಗವಸು ತೊಟ್ಟು ಕುಳಿತವರ ಹೆಸರನ್ನು ಹೇಳಿರೆಂದರೆ ಚಪ್ಪಡಿಯ ಪಂಡಿತರೂ ತಡವರಿಸುತ್ತಾರೆ.

ಒಂದು ಸಂಜೆ ಗುಮಾಸ್ತರು ಈ ವಿಷಯವನ್ನೇ ಎತ್ತಿಕೊಂಡರು. “ಎರಡನೇ ಗೋಲಿಗೆ ಸಂಬಳ ಯಾಕ್ರೀ? ನೀರು ಕುಡಿಯೋಕಾ?” ಎಂದರು. ಎಲ್ಲರೂ ನಕ್ಕರು. ಅಣ್ಣ ಅಲ್ಲಿಯೇ ಚಪ್ಪಡಿಯ ತುದಿಯಲ್ಲಿದ್ದ. ಅವನು ಸಭೆಯಲ್ಲಿ ಮಾತನಾಡುವವನಲ್ಲ. ಅಂದು ಮಾತ್ರ ಮೆಲ್ಲಗೆ ಹೇಳಿದ: “ಅಣ್ಣೋರೆ, ದಿನಾ ಬೆಳಗ್ಗೆ ಅಭ್ಯಾಸದಲ್ಲಿ ಮುಂದಿನವರು ಹೊಡೆಯೋ ಚೆಂಡೆಲ್ಲ ಹಿಡಿಯೋದು ಅವನೂ ಸೇರಿ. ಮೊದಲನೆಯವನಿಗೆ ಮ್ಯಾಚಿಗೆ ಮುಂಚೆ ಚೆಂಡು ಹೊಡೆದು ಕೈ ಬಿಸಿ ಮಾಡಿಸೋನು ಅವನೇ. ಅವನು ಮನೆಗೆ ಹೋಗಿಬಿಟ್ಟರೆ ಮೊದಲನೆಯವನು ಗೋಡೆಗೆ ಚೆಂಡು ಹೊಡ್ಕೊಂಡು ಕಲೀಬೇಕು. ಮ್ಯಾಚಿನಲ್ಲಿ ಅವನಿಗೆ ಕೆಲಸ ಬರಬಾರದು ಅಂತ ಅವನೇ ಬೇಡ್ಕೋಬೇಕು. ಬಂದರೆ ಆ ಕ್ಷಣದಲ್ಲಿ ಸಿದ್ಧವಾಗಿರಬೇಕು. ಅದಕ್ಕೆ ಸಂಬಳ.” ಯಾರೂ ಮಾತನಾಡಲಿಲ್ಲ. ಡ್ರೈವರ್ ಮಾವ ತಮ್ಮ ಲೋಟವನ್ನು ಅವನ ಕಡೆ ಸರಿಸಿ ಇನ್ನೊಂದು ಟೀ ಹೇಳಿದರು.

ಅಣ್ಣನಿಗೆ ಸಂಬಳ ಬರುತ್ತಿರಲಿಲ್ಲವೆಂಬುದು ಅವರಿಗೆಲ್ಲ ಗೊತ್ತಿತ್ತು. ಬಸ್ಸಿನ ಖರ್ಚು ಕೆಲವು ತಿಂಗಳು ಬರುತ್ತಿತ್ತು, ಕೆಲವು ತಿಂಗಳು ಇಲ್ಲ. ಎರಡು ವರ್ಷದಲ್ಲಿ ಅವನು ಪಂದ್ಯದಲ್ಲಿ ನಿಂತದ್ದು ಒಟ್ಟು ಇಪ್ಪತ್ತು ನಿಮಿಷ. ಅದೂ ಮೊದಲನೆಯವನ ಬೆರಳು ಮುರಿದ ದಿನ. ಮುಂದಿನ ಪಂದ್ಯಕ್ಕೆ ಸಂಘದವರು ಬೇರೆಡೆಯಿಂದ ಒಬ್ಬನನ್ನು ಕರೆತಂದರು.

ನಮ್ಮಪ್ಪ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವರು. ಗದರಿಸುವ ಸ್ವಭಾವ ಅವರದಲ್ಲ. ಆ ರಾತ್ರಿ ಊಟಕ್ಕೆ ಕುಳಿತಾಗ ಅಣ್ಣನನ್ನು ಕೇಳಿದರು: “ನಮ್ಮ ಶೆಡ್ಡಿನಾಗೂ ಸ್ಪೇರ್ ಇಟ್ಟಿರ್ತೀವಿ ಕಣೋ. ಬೇಕು, ಬೇಡ ಅನ್ನಲ್ಲ. ಆದರೆ ವಾರಕ್ಕೊಂದು ಸಲ ಒರೆಸಿ ಎಣ್ಣೆ ಹಚ್ಚಿಡ್ತೀವಿ, ತುಕ್ಕು ಹಿಡೀಬಾರದು ಅಂತ. ನಿನಗೆ ಎಣ್ಣೆ ಹಚ್ಚೋರು ಯಾರು?”

ಆ ಪ್ರಶ್ನೆಗೆ ಅಣ್ಣನಲ್ಲಿ ಉತ್ತರವಿರಲಿಲ್ಲ. 2018ರ ದಸರಾ ಕಳೆದ ಮೇಲೆ ಅವನೂ ಅಪ್ಪನ ಜೊತೆ ಶೆಡ್ಡಿಗೆ ಹೋಗತೊಡಗಿದ. ಕೈಗವಸುಗಳನ್ನು ಅಮ್ಮ ತೊಳೆದು ಒಣಗಿಸಿ ಅಟ್ಟದ ಮೇಲಿಟ್ಟರು.

ಇದಾದ ಮೇಲೆ ಚಪ್ಪಡಿಯ ವಾದವನ್ನು ಕೇಳುವಾಗ ನನಗೆ ಬೇರೆಯೇ ಒಂದು ಅರ್ಥ ಹೊಳೆಯತೊಡಗಿತು. ತಂಡಕ್ಕೆ ಎಷ್ಟು ಆಳವಿದೆ ಎಂದು ನಾವು ಕೇಳುತ್ತೇವೆ. ಬಾವಿಯ ಆಳವನ್ನು ಅಳೆದಂತೆ ಇಪ್ಪತ್ತೈದು ಹೆಸರುಗಳನ್ನು ಎಣಿಸಿ ತೃಪ್ತರಾಗುತ್ತೇವೆ. ಆದರೆ ಬಾವಿಯ ಆಳ ಬೇರೆ, ನೀರಿನ ಆಳ ಬೇರೆ. ಕುಳಿತವನನ್ನು ಕಾಪಾಡಿಕೊಂಡಿದ್ದರೆ ನೀರು. ಇಲ್ಲದಿದ್ದರೆ ಬರಿಯ ಗುಂಡಿ.

ಕಾಪಾಡಿಕೊಂಡ ತಂಡಕ್ಕೆ ಬೆಂಚು ಏನು ಮಾಡಿಕೊಟ್ಟೀತೆಂಬುದನ್ನು 2023ರಲ್ಲಿ ಕಂಡೆವು. ಆ ವರ್ಷ ಬೆಂಚಿನಲ್ಲಿ ಕುಳಿತವನು ಬೇರೆ ಯಾರೂ ಅಲ್ಲ, ಸಾಕ್ಷಾತ್ ಸುನಿಲ್ ಛೇತ್ರಿ. ಶಿವಶಕ್ತಿ ನಾರಾಯಣನ್ ಎಂಬ ಎಳೆಯನಿಗೆ ಜಾಗ ಬಿಟ್ಟು, ಭಾರತದ ನಾಯಕ ಹೊರಗೆ ಕೂರುತ್ತಿದ್ದ. ರತ್ನಪಕ್ಷಕ್ಕೆ ಇದಕ್ಕಿಂತ ದೊಡ್ಡ ಅಪಚಾರವುಂಟೆ? ಮಾರ್ಚ್ 3ರಂದು ಕೇರಳ ತಂಡದ ಎದುರು ಛೇತ್ರಿ ಬದಲಿಯಾಗಿ ಬಂದು, 96ನೆಯ ನಿಮಿಷದಲ್ಲಿ, ಎದುರಾಳಿಗಳು ಅಣಿಯಾಗುವ ಮುನ್ನವೇ ಫ್ರೀಕಿಕ್ ಹೊಡೆದು ಗೋಲು ಮಾಡಿದ. ಅವರು ಪ್ರತಿಭಟಿಸಿ ಮೈದಾನವನ್ನೇ ಬಿಟ್ಟು ಹೋದರು. ನಾಲ್ಕು ದಿನ ಬಿಟ್ಟು ಮುಂಬಯಿ ತಂಡದ ಮೇಲೆ ಏಕಮಾತ್ರ ಗೋಲನ್ನು ಹೊಡೆದವನೂ ಬದಲಿಯಾಗಿ ಬಂದ ಅವನೇ. ಅಂತಿಮ ಪಂದ್ಯವನ್ನು ಪೆನಾಲ್ಟಿಗಳಲ್ಲಿ ಸೋತದ್ದು ಬೇರೆ ಮಾತು. ಬೆಂಚು ಎಂದರೆ ಅವಮಾನದ ಜಾಗ ಎಂದು ತಿಳಿದಿದ್ದ ನಮ್ಮ ಬೀದಿಯ ಹುಡುಗರು ಆ ತಿಂಗಳು ಬೆಂಚನ್ನು ಬೇರೆ ಕಣ್ಣಿನಿಂದ ನೋಡಿದರು. ಆಟದ ನಿಯಮವೂ ಅಷ್ಟು ಹೊತ್ತಿಗೆ ಬದಲಾಗಿತ್ತು. ಹಿಂದೆ ಒಂದು ಪಂದ್ಯದಲ್ಲಿ ಮೂವರನ್ನು ಬದಲಿಸಬಹುದಾಗಿತ್ತು. ಸಾಂಕ್ರಾಮಿಕದ ವರ್ಷವಾದ 2020ರಲ್ಲಿ ಐವರಿಗೆ ಅವಕಾಶ ಬಂದು, ಆಮೇಲೆ ಅದೇ ಸ್ಥಿರವಾಯಿತು. ಹನ್ನೊಂದು ಜನರ ಆಟ ಹದಿನಾರು ಜನರ ಆಟವಾಗಿದೆ.

ಅದೇ ಮಾರ್ಚ್ 4ರಂದು ಇನ್ನೊಂದು ಸಂಗತಿ ನಡೆಯಿತು. ದೂರದ ರಿಯಾದ್ ನಗರದಲ್ಲಿ ಕರ್ನಾಟಕದ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಹಿಂದಿನ ರಾತ್ರಿಯ ಫ್ರೀಕಿಕ್ಕಿನ ಗಲಾಟೆಯಲ್ಲಿ ಚಪ್ಪಡಿಯ ಸಭೆ ಈ ಗೆಲುವನ್ನು ಗಮನಿಸಿದ್ದು ಎರಡು ದಿನ ತಡವಾಗಿ. ಮೇಷ್ಟ್ರು ನೊಂದುಕೊಂಡರು. “ನಮ್ಮ ಊರಿನ ಬೇರು ಎಲ್ಲಿದೆ ಗೊತ್ತೇನ್ರಯ್ಯ?” ಎಂದು ಕೇಳಿ, ತಾವೇ ಹೇಳಿದರು. ರೋವರ್ಸ್ ಕಪ್ಪನ್ನು 1937ರಲ್ಲಿಯೂ 1938ರಲ್ಲಿಯೂ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ; 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್; ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವ’ರೆನ್ನಿಸಿಕೊಂಡ ಐವರಲ್ಲಿ ಒಬ್ಬನಾದ ನಮ್ಮ ಅಹಮದ್ ಖಾನ್. “ಇವರನ್ನೆಲ್ಲ ಯಾವ ಡ್ರಾಫ್ಟಿನಲ್ಲಿ ಕೊಂಡದ್ದು? ದಂಡು ಪ್ರದೇಶದ ಬೀದಿಗಳಲ್ಲಿ ಬೆಳೆದು ಬಂದರು. ಆಳ ಅಂದರೆ ಅದು” ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಡ್ರಾಫ್ಟ್ ಪದ್ಧತಿ 2017ರೊಂದಿಗೆ ಮುಗಿಯಿತು. ಆಮೇಲೆ ತಂಡಗಳು ತಾವೇ ಆಟಗಾರರೊಡನೆ ಒಪ್ಪಂದ ಮಾಡಿಕೊಳ್ಳತೊಡಗಿದವು. ಕೊಳ್ಳುವ ಬಗೆ ಯಾವುದಾದರೂ ಇರಲಿ, ಬೆಳೆಯದ್ದನ್ನು ಯಾರೂ ಕೊಳ್ಳಲಾರರು. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ಎದುರು ಪಂದ್ಯದ ಏಕಮಾತ್ರ ಗೋಲನ್ನು ವಿನೀತ್ ವೆಂಕಟೇಶ್ ಎಂಬ ಹತ್ತೊಂಬತ್ತರ ಹುಡುಗ ಹೊಡೆದಾಗ ಡ್ರೈವರ್ ಮಾವ ಕುಣಿದಾಡಿದರು. “ನಮ್ಮ ಬೆಂಗಳೂರಿನ ಹುಡುಗ ಕಣ್ರಯ್ಯ!” ಅಂದು ಯಾರ ನೋಟ್‌ಬುಕ್ಕೂ ಹೊರಗೆ ಬರಲಿಲ್ಲ.

ಆದರೆ ಅಂಥ ಹುಡುಗ ನಮ್ಮ ಮಾರೇನಹಳ್ಳಿಯಿಂದ ಬರಬೇಕಾದರೆ ಆಡುವುದು ಎಲ್ಲಿ? ಮನೆಗೆ ಮನೆ ಒತ್ತಿಕೊಂಡಿದೆ; ಬೀದಿಯ ಎರಡು ಬದಿಯೂ ಕಾರು. ಹತ್ತಿರದ ಬಯಲಿನಲ್ಲಿ ಒಂದೇ ಹೊತ್ತಿಗೆ ಐದು ಕ್ರಿಕೆಟ್ ಪಂದ್ಯ ನಡೆಯುತ್ತದೆ. ಒಬ್ಬನ ಫೀಲ್ಡರ್ ಇನ್ನೊಬ್ಬನ ಅಂಪೈರ್. ಕಳೆದ ವರ್ಷದಿಂದ ಆ ಬಯಲಿನ ಒಂದು ಮೂಲೆಯನ್ನು ಭಾನುವಾರ ಬೆಳಗ್ಗೆ ಆರರಿಂದ ಎಂಟರವರೆಗೆ ನಮ್ಮಣ್ಣ ಹಿಡಿದಿಟ್ಟುಕೊಂಡಿದ್ದಾನೆ. ಅಟ್ಟದ ಮೇಲಿದ್ದ ಕೈಗವಸು ಕೆಳಗಿಳಿದಿದೆ. ಹದಿನೆಂಟು ಹುಡುಗರು ಬರುತ್ತಾರೆ. ಹದಿನೆಂಟು ಜನಕ್ಕೂ ಛೇತ್ರಿಯೇ ಆಗಬೇಕು. ಗೋಲಿಯಾಗಲು ಒಬ್ಬನೂ ಒಲ್ಲ. ಅದಕ್ಕೆ ಅಣ್ಣ ಒಂದು ನಿಯಮ ಮಾಡಿದ್ದಾನೆ. ಪ್ರತಿಯೊಬ್ಬನೂ ಸರದಿಯ ಮೇಲೆ ಹತ್ತು ನಿಮಿಷ ಗೋಲು ಕಾಯಬೇಕು, ಹತ್ತು ನಿಮಿಷ ಹೊರಗೆ ಕೂರಬೇಕು. ಕೂತವನು ಹರಟುವ ಹಾಗಿಲ್ಲ. ತನ್ನ ಜಾಗದಲ್ಲಿ ಆಡುತ್ತಿರುವವನನ್ನು ನೋಡುತ್ತಿದ್ದು, ಕಂಡದ್ದನ್ನು ಆಮೇಲೆ ಹೇಳಬೇಕು. ಎಣ್ಣೆ ಹಚ್ಚುವುದೆಂದರೆ ಇದೇ ಇರಬೇಕು.

ರತ್ನಪಕ್ಷದ ಗುಮಾಸ್ತರ ಮಗನೂ ಅಲ್ಲಿಗೆ ಬರುತ್ತಾನೆ. ಚುರುಕಾದ ಹುಡುಗ, ಎಡಗಾಲಿನ ಹೊಡೆತ ಚೆನ್ನಾಗಿದೆ. ಹೋದ ಭಾನುವಾರ ಅವನು ಹೊರಗೆ ಕೂರುವ ಸರದಿ ಬಂದಾಗ ಗುಮಾಸ್ತರು ಬೇಲಿಯ ಆಚೆ ನಿಂತು ಗಡಿಯಾರವನ್ನು ನೋಡಿಕೊಂಡರು. ಆರು ನಿಮಿಷವಾಗಿರಬೇಕು, ತಡೆಯಲಾರದೆ, “ಆಯ್ತಲ್ಲಪ್ಪ, ಇನ್ನು ಬಿಡು ಅವನ್ನ” ಎಂದರು. ಅಣ್ಣ ನಗುತ್ತ, “ಇನ್ನೂ ನಾಲ್ಕು ನಿಮಿಷ ಇದೆ ಅಣ್ಣೋರೆ” ಎಂದ. ಹುಡುಗ ತಂದೆಯ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕಣ್ಣು ಚೆಂಡಿನ ಮೇಲಿತ್ತು.